ಕಣ್ಣಿಗೆ ಕಾಡಿಗೆ, ನನಗೆ ದಾರ

ನಾನು ಒಂದು ಕೋರೆಹಲ್ಲು. ಮೇಲಿನ ಸಾಲು, ಬಲಗಡೆ. ನನ್ನನ್ನು ಬಾಯಲ್ಲಿಟ್ಟುಕೊಂಡಿದ್ದವಳ ಹೆಸರು ನೀಲವ್ವ. ಧಾರವಾಡದಲ್ಲಿ ಕಸೂತಿ ಹಾಕಿಸುವವರಿಗೆಲ್ಲ ಅವಳು ಗೊತ್ತು. ಅವಳ ಕಣ್ಣು ಎಷ್ಟು ಚುರುಕು, ಕೈ ಎಷ್ಟು ನಯ ಎಂದು ಹೊಗಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ನನ್ನ ಬಗ್ಗೆ ಒಬ್ಬರೂ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ. ಆ ಸಿಟ್ಟಿನಲ್ಲೇ ಈ ಕತೆ ಹೇಳುತ್ತಿದ್ದೇನೆ. ಕೇಳಿದ ಮೇಲೆ ಬೈಯುವವರು ಬೈಯಲಿ. ನಾನು ಮಾಡಿದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ನಾನು ಹುಟ್ಟಿದ್ದೇ ಜಗಳದಲ್ಲಿ. ನನ್ನ ಜಾಗದಲ್ಲಿ ಒಂದು ಹಾಲುಹಲ್ಲು ಕೂತಿತ್ತು, ಏಳು ಎಂದರೆ ಏಳಲೊಲ್ಲದು. ಒಸಡಿನೊಳಗಿನಿಂದ ತಳ್ಳಿ ತಳ್ಳಿ ಕೊನೆಗೆ ಅದನ್ನು ಉರುಳಿಸಿದೆ. ನೀಲವ್ವ ಆಗ ಎರಡು ಜಡೆಯ ಹುಡುಗಿ. ಬಿದ್ದ ಹಾಲುಹಲ್ಲನ್ನು ಅವಳ ಅಜ್ಜ ಸಗಣಿಯ ಉಂಡೆಯಲ್ಲಿಟ್ಟು, ಹೊಸ ಹಲ್ಲು ಬೇಗ ಬರಲಿ ಎಂದು ಮಾಳಿಗೆಯ ಮೇಲೆ ಎಸೆದ. ಕೆಲಸಕ್ಕೆ ಬಾರದ ಆ ಹಲ್ಲಿಗೂ ಅಷ್ಟು ಮರ್ಯಾದೆ ಸಿಕ್ಕಿತ್ತು. ನನಗೂ ಅಂಥದ್ದೇ ಸಿಗುತ್ತದೆ ಎಂದುಕೊಂಡು ಚೂಪಾಗಿ, ಬೆಳ್ಳಗೆ, ಪಕ್ಕದ ಹಲ್ಲುಗಳಿಗಿಂತ ಒಂದು ಕೂದಲಷ್ಟು ಮುಂದೆ ಬಂದು ನಿಂತೆ. ನನ್ನ ಬೇರು ಬಾಯಲ್ಲಿರುವ ಎಲ್ಲ ಬೇರುಗಳಿಗಿಂತ ಉದ್ದ. ಅದರ ತುದಿಯಿಂದ ಕಣ್ಣಿಗೆ ಬಹಳ ದೂರವಿಲ್ಲ, ನಡುವೆ ಒಂದಿಷ್ಟು ಕೆನ್ನೆ ಅಷ್ಟೇ.

ಆ ಅಜ್ಜನೇ ನನ್ನ ಹಣೆಬರಹ ಬರೆದವನು. ನಾನು ಪೂರ್ತಿ ಇಳಿದಿರಲಿಲ್ಲ, ಅಷ್ಟರಲ್ಲಿ ಅವನಿಗೆ ಮೇಲಿನ ಬಲಹಲ್ಲು ನೋಯಲು ಶುರುವಾಯಿತು. ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಗೋಣಿತಾಟು ಹಾಸಿ, ತಾನು ಕಿತ್ತ ಹಲ್ಲುಗಳನ್ನೇ ಮುಂದೆ ರಾಶಿ ಹಾಕಿಕೊಂಡು ಕೂರುತ್ತಿದ್ದ. ಅಜ್ಜನ ತಲೆಯನ್ನು ಒಬ್ಬ ಹಿಡಿದ, ಕಾಲನ್ನು ಒಬ್ಬ ಹಿಡಿದ. ಅಜ್ಜ ಹಾಕಿದ ಕೂಗಿಗೆ ನೀಲವ್ವ ಬಾಯಿ ತೆರೆದು ನಿಂತುಬಿಟ್ಟಳು. ಹಾಗಾಗಿ ನಾನೂ ಎಲ್ಲ ನೋಡಿದೆ. ಹಲ್ಲಂತೂ ಬಂತು. ಆದರೆ ಮರುವರ್ಷದ ಹೊತ್ತಿಗೆ ಅಜ್ಜನ ಬಲಗಣ್ಣು ಮಂಜಾಯಿತು. ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟರು.

"ಮ್ಯಾಲಿನ ಹಲ್ಲಿನ ನರ ಸೀದಾ ಕಣ್ಣಿಗಿ ಹೋಗಿರತೈತಿ. ಹಲ್ಲ ಕಿತ್ತರ ಕಣ್ಣ ಆರೇ ಆರತೈತಿ" ಎಂದಳು ಅವಳ ಅವ್ವ.

ನೀಲವ್ವ ತುಟಿಯ ಮೇಲಿನಿಂದಲೇ ನನ್ನನ್ನು ಬೆರಳಲ್ಲಿ ಒತ್ತಿ ನೋಡಿಕೊಂಡಳು. ಸಾಯುವ ತನಕ ಹಲ್ಲಿನ ಡಾಕ್ಟರ ಹೊಸ್ತಿಲು ತುಳಿಯುವುದಿಲ್ಲ ಎಂದು ಅವತ್ತೇ ಅವಳೊಳಗೆ ಗಟ್ಟಿಯಾಯಿತು. ನಾನು ಹುಚ್ಚು ಖುಷಿಪಟ್ಟೆ. ಇವಳು ನನ್ನನ್ನು ಎಂದೂ ಬಿಟ್ಟುಕೊಡಳು ಎಂದು ತಿಳಿದೆ. ಬಿಟ್ಟುಕೊಡದಿರುವುದು ಬೇರೆ, ನೋಡಿಕೊಳ್ಳುವುದು ಬೇರೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನೀಲವ್ವ ಫಕೀರಪ್ಪನನ್ನು ಮದುವೆಯಾಗಿ ಧಾರವಾಡಕ್ಕೆ ಬಂದಳು. ಫಕೀರಪ್ಪ ಬಸ್ಸಿನ ಕಂಡಕ್ಟರ್. ಅತ್ತೆ ಕಸೂತಿ ಕಲಿಸಿದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವಂತಿಲ್ಲ. ಎಳೆ ಎಣಿಸಿಕೊಂಡು ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ನವಿಲಿನ ಕುತ್ತಿಗೆ ಮುರಿಯುತ್ತದೆ. ಹಿಂದೆ ಗಂಟು ಹಾಕುವಂತಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಇದಕ್ಕೆ ಕಣ್ಣು ಬೇಕು, ಒಪ್ಪುತ್ತೇನೆ. ಆದರೆ ದಾರ ಕಡಿಯುವವರು ಯಾರು? ಪಕ್ಕದಲ್ಲಿ ಕತ್ತರಿ ಇದ್ದರೂ ಅವಳು ಮುಟ್ಟುತ್ತಿರಲಿಲ್ಲ. ಬಟ್ಟೆಯನ್ನು ಮುಖದ ಹತ್ತಿರ ಎಳೆದುಕೊಂಡು ದಾರವನ್ನು ನನ್ನ ಅಡಿಗೆ ಕೊಡುತ್ತಿದ್ದಳು. ಟಕ್. ಕೆಂಪು ದಾರ, ಟಕ್. ಹಸಿರು ದಾರ, ಟಕ್. ದಿನವೂ ಇದೇ, ವರ್ಷವೂ ಇದೇ. ಅವಳು ಹಾಕಿದ ಸೀರೆಗಳನ್ನೆಲ್ಲ ನಾನು ಅಷ್ಟು ಹತ್ತಿರದಿಂದ ನೋಡಿದ್ದೇನೆ, ಉಟ್ಟವರೂ ನೋಡಿರಲಿಕ್ಕಿಲ್ಲ.

ಕೂಲಿ ನನಗೇನು ಸಿಕ್ಕಿತು? ಕಣ್ಣಿಗೆ ದಿನಾ ಕಾಡಿಗೆ. ಕಣ್ಣಿಗೆ ತಂಪಾಗಲಿ ಎಂದು ಅಂಗಾಲಿಗೆ ಹರಳೆಣ್ಣೆ. ಕಣ್ಣಿಗೆ ಒಳ್ಳೆಯದು ಎಂದು ಹೊನಗೊನ್ನೆ ಸೊಪ್ಪಿನ ಪಲ್ಲೆ, ಅದನ್ನು ಅಗಿದು ಕೊಡಬೇಕಾದವರು ಮತ್ತೆ ನಾವೇ. ಸ್ವಲ್ಪ ಕಣ್ಣು ಉರಿದರೂ ಕಣ್ಣಿನ ಡಾಕ್ಟರ ಹತ್ತಿರ ಓಡುವಳು. ಅಲ್ಲಿ ಅಕ್ಷರ ಓದಿ ತೋರಿಸಿ, ಹೊಸ ಚಾಳೀಸು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುವಳು. ಕನ್ನಡಿಯಲ್ಲೂ ಕಣ್ಣನ್ನೇ ನೋಡಿಕೊಳ್ಳುವಳು. ಒಂದು ದಿನವಾದರೂ ತುಟಿ ಎತ್ತಿ ನನ್ನನ್ನು ನೋಡಲಿಲ್ಲ. ನನಗೆ ಸಿಕ್ಕಿದ್ದು ಕೆಂಪು ಹಲ್ಲುಪುಡಿ, ಅದೂ ಗಡಿಬಿಡಿಯಲ್ಲಿ. ಮೇಲಾಗಿ ಪಿನ್ನು ಬಿಡಿಸಲು ನಾನು, ಸೂಜಿಯ ಡಬ್ಬಿಯ ಮುಚ್ಚಳ ಎಬ್ಬಿಸಲು ನಾನು, ಲಾಡಿಯ ಗಂಟು ಸಡಿಲಿಸಲು ನಾನು.

ಆ ಡಬ್ಬಿಯ ಮುಚ್ಚಳವೇ ಒಂದು ದಿನ ನನ್ನನ್ನು ಸೀಳಿತು. ತಗಡಿನ ಹಳೆಯ ಬಿಸ್ಕಿಟ್ ಡಬ್ಬಿ, ಮುಚ್ಚಳ ಬಿಗಿ. ನನ್ನನ್ನು ಅಂಚಿಗೆ ಕೊಟ್ಟು ಅವಳು ಜಗ್ಗಿದಳು. ನನ್ನ ಮೈಯಲ್ಲಿ ಸಣ್ಣಗೆ ಚರ್ ಎಂದಿತು. ದಾರ ತಿಂದು ತಿಂದು ಮೊದಲೇ ಕಚ್ಚು ಬಿದ್ದಿದ್ದ ಜಾಗ, ಅಲ್ಲಿಂದ ಬಿರುಕು ಮೇಲೆ ಏರಿತು. ಆಮೇಲೆ ಚಹ ಕುಡಿದರೆ ಉರಿ, ತಣ್ಣೀರು ಕುಡಿದರೆ ಸಿಡಿತ. ನಾನು ಅತ್ತುಬಿಟ್ಟೆ. ಹಲ್ಲು ಅಳುವುದೆಂದರೆ ಒಡತಿಯನ್ನು ಅಳಿಸುವುದು. ನೀಲವ್ವ ಕೆನ್ನೆ ಹಿಡಿದು ಕೂತಳು.

ಅವತ್ತೇ ಡಾಕ್ಟರ ಹತ್ತಿರ ಹೋಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಹಲ್ಲಿನ ದವಾಖಾನೆ ಓಣಿಯ ತುದಿಯಲ್ಲೇ ಇತ್ತು. ಅದರ ಹಲಗೆಯ ಮೇಲೆ ನಗುವ ಹಲ್ಲಿನ ಚಿತ್ರ. ನೀಲವ್ವ ಅದನ್ನು ನೋಡಬೇಕಾಗುತ್ತದೆಂದು ಕಾಯಿಪಲ್ಲೆ ತರಲೂ ಸುತ್ತುಹಾಕಿ ಹೋಗುತ್ತಿದ್ದಳು.

"ಏ ನೀಲಾ, ಒಮ್ಮೆ ತೋರಿಸಿಕೊಂಡು ಬರೂಣು ನಡಿ. ನೋಡಾಕ ಏನ್ ಆಗತೈತಿ?" ಎಂದ ಫಕೀರಪ್ಪ.

"ನೋಡ್ತೀವಿ ಅಂತಾರ, ಇಕ್ಕಳ ಹಾಕ್ತಾರ. ಕಣ್ಣ ಹೋತಂದ್ರ ನೀವ್ ಬಂದು ಎಳಿ ಎಣಿಸಿ ಕೊಡ್ತೀರೇನು?"

"ಇನ್ನೊಬ್ಬರ ಟಿಕೆಟ್ ಎಣಿಸೂದs ನನಗ ಸಾಕಾಗೇತಿ" ಎಂದು ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟ.

ಆಮೇಲೆ ಶುರುವಾಯಿತು ನನ್ನ ಶಿಕ್ಷೆ. ಮೊದಲು ಲವಂಗ, ಆಮೇಲೆ ಇಂಗು, ಆಮೇಲೆ ಉಪ್ಪು ಅರಿಸಿನ. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಜಜ್ಜಿ ತುರುಕಿದಳು, ನನ್ನ ಒಸಡು ಸುಟ್ಟುಹೋಯಿತು. ಅದೂ ಸಾಲದೆಂದು ಹಲ್ಲಿನ ಹುಳ ತೆಗೆಯುವ ಹೆಂಗಸನ್ನು ಮನೆಗೇ ಕರೆಸಿದಳು. ಆ ಹೆಂಗಸು ಕಾದ ಹಂಚಿನ ಮೇಲೆ ಯಾವುದೋ ಬೀಜ ಹಾಕಿ, ಅದರ ಹೊಗೆಯನ್ನು ಕೊಳವೆಯಲ್ಲಿ ನನ್ನ ಮೇಲೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ನೀರಿನ ಬಟ್ಟಲಲ್ಲಿ ಬಿಳಿ ಬಿಳಿ ಚೂರು ತೇಲಿಸಿ, "ನೋಡ್ರಿ ಎಷ್ಟ್ ಹುಳ ಬಿದ್ದಾವು!" ಎಂದಳು. ಅವು ಆ ಬೀಜದ್ದೇ ಮೊಳಕೆ. ನನ್ನ ಮನೆಯಲ್ಲಿ ಎಂದೂ ಒಂದು ಹುಳ ಇದ್ದದ್ದಿಲ್ಲ! ಇಷ್ಟು ವರ್ಷ ನಿಯತ್ತಿನಿಂದ ದುಡಿದವನಿಗೆ ಹುಳಬಿದ್ದವನು ಎಂದು ಓಣಿಯ ಮುಂದೆ ಹೆಸರಿಟ್ಟರು. ನೀಲವ್ವ ಅದನ್ನು ನಂಬಿ, ಆ ಹೆಂಗಸಿಗೆ ಊಟ ಹಾಕಿ ಕಳಿಸಿದಳು. ಅವತ್ತು ನಾನು ಹಲ್ಲು ಮಸೆದೆ. ಇವಳಿಗೆ ಯಾವುದು ಜೀವಕ್ಕಿಂತ ಹೆಚ್ಚೋ ಅದಕ್ಕೇ ಕೈ ಹಾಕುತ್ತೇನೆ ಎಂದು ಪಣ ತೊಟ್ಟೆ. ಕಣ್ಣು ಹೋಗುತ್ತದೆಂದು ತಾನೇ ನನ್ನನ್ನು ಡಾಕ್ಟರಿಗೆ ತೋರಿಸದೆ ಕೊಳೆಸುತ್ತಿರುವುದು? ಹಾಗಾದರೆ ಕಣ್ಣೇ ಸೈ.

ಮೊದಲಿಗೆ ಸಣ್ಣದರಿಂದ ಶುರುಮಾಡಿದೆ. ಮಗಳು ಶಿವಲೀಲಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು. ಚೊಚ್ಚಲ ಕೂಸು ಅಪ್ಪನ ಮನೆಗೆ ಹೊರಡುವಾಗ ತಾಯಿಯ ತಾಯಿ ಕೈಯಾರೆ ಕಸೂತಿ ಹಾಕಿದ ಕುಂಚಗಿ ತೊಟ್ಟು ಹೋಗಬೇಕು ಎಂಬುದು ಆ ಮನೆಯ ಪದ್ಧತಿ. ಕುಂಚಗಿಯೆಂದರೆ ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಟೊಪ್ಪಿಗೆ. ನೀಲವ್ವ ಕಪ್ಪು ಬಟ್ಟೆ ತಂದು, ಅಂಚಿಗೆ ಆನೆಯ ಸಾಲು, ನೆತ್ತಿಗೆ ತುಳಸಿಕಟ್ಟೆ ಎಂದು ಶುರುಮಾಡಿದಳು. ಎಳೆ ಎಣಿಸುತ್ತಿದ್ದಾಗ ಸರಿಯಾಗಿ ನಡುಮಧ್ಯದಲ್ಲಿ ನಾನು ಒಮ್ಮೆ ಸಿಡಿಯುತ್ತಿದ್ದೆ. ಎಣಿಕೆ ತಪ್ಪುತ್ತಿತ್ತು. ಆನೆಯ ಕಾಲು ಗಿಡ್ಡವಾಗುತ್ತಿತ್ತು. ಹಾಕಿದ ಹೊಲಿಗೆಯನ್ನು ಬಿಚ್ಚುವುದು ನೀಲವ್ವನಿಗೆ ಗೊತ್ತೇ ಇರಲಿಲ್ಲ. ಈಗ ಬಿಚ್ಚಿದಳು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಅವಳ ಕಣ್ಣಲ್ಲಿ ನೀರು ಬಂತು. ಅತ್ತ ಕಣ್ಣನ್ನು ಕಂಡು ನನಗೆ ಹೊಟ್ಟೆ ತಂಪಾಯಿತು.

ಆಮೇಲೆ ಒಂದು ದಿನ ನಾನು ಸುಮ್ಮನಾದೆ. ನೋವು ಪೂರ್ತಿ ನಿಂತಿತು. ನನ್ನೊಳಗಿನ ಜೀವ ಸತ್ತಿತ್ತು, ಅದಕ್ಕೇ ನಿಂತಿತ್ತು. ನೀಲವ್ವ ಲವಂಗದ ಗುಣ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

"ನೋಡಿದ್ರಿಲ್ಲ? ಡಾಕ್ಟರ್ ಬ್ಯಾಡ, ಮನಿ ಔಷಧs ಬೆಸ್ಟ್" ಎಂದು ಗಂಡನನ್ನು ಜರಿದಳು.

ನಾನು ನನ್ನ ಬೇರಿನ ತುದಿಯಲ್ಲಿ ಕೀವು ಕೂಡಿಸುತ್ತ ಕೂತಿದ್ದೆ. ಒಸಡಿನ ಮೇಲೆ ಒಂದು ಗುಳ್ಳೆ ಎದ್ದಿತು, ಅವಳು ಬಾಯಿಹುಣ್ಣು ಎಂದಳು. ಕೆನ್ನೆ ಸ್ವಲ್ಪ ಉಬ್ಬಿತು, ಮೈತುಂಬಿಕೊಂಡಿದ್ದೇನೆ ಎಂದಳು. ಕುಂಚಗಿಯಲ್ಲಿ ತುಳಸಿಕಟ್ಟೆಯೊಂದೇ ಉಳಿದಿತ್ತು. ಕೂಸನ್ನು ಕರೆದೊಯ್ಯಲು ಬೀಗರು ಬರುವ ವಾರವೂ ಹತ್ತಿರ ಬಂತು. ಇನ್ನು ತಡಮಾಡಬಾರದೆಂದು ನಾನು ಕೀವಿಗೆ ಮೇಲಕ್ಕೆ ದಾರಿ ಬಿಟ್ಟೆ.

ಮುಂಜಾನೆ ಅವಳು ಎದ್ದಾಗ ಬಲಗೆನ್ನೆ ಬಿಗಿದು ಹೊಳೆಯುತ್ತಿತ್ತು. ಮೂಗಿನ ಪಕ್ಕದಿಂದ ರೆಪ್ಪೆಯ ತನಕ ಊದಿ, ಬಲಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮೈ ಕಾದ ಹಂಚಾಗಿತ್ತು. ಅವಳು ರೆಪ್ಪೆಯನ್ನು ಬೆರಳಿಂದ ತೆರೆಯಲು ನೋಡಿದಳು, ತೆರೆಯಲಿಲ್ಲ. ಬಾಗಿಲಲ್ಲಿ ಕೂತು ಕುಂಚಗಿಯನ್ನು ಎಡಗಣ್ಣಿಗೆ ಹಿಡಿದಳು. ಎಳೆಗಳು ಒಂದರ ಮೇಲೊಂದು ಬಿದ್ದಂತೆ ಕಂಡಿರಬೇಕು. ಕುಂಚಗಿಯನ್ನು ಮಡಿಲಿಗೆ ಬಿಟ್ಟಳು.

"ರೀ... ನನ್ನ ಕಣ್ಣ ಹೋತ್ರೀ!"

ಆ ಕೂಗಿಗೆ ಕೂಸು ಎದ್ದು ಅತ್ತಿತು. ಶಿವಲೀಲಾ ಓಡಿಬಂದಳು. ನಾನು ಗೆದ್ದೆ. ಇಷ್ಟು ವರ್ಷದಲ್ಲಿ ಅವಳು ನನಗಾಗಿ ಹೀಗೆ ಒಮ್ಮೆಯೂ ಕೂಗಿರಲಿಲ್ಲ, ಕಣ್ಣಿಗಾಗಿ ಕೂಗಿದಳು. ಇರಲಿ, ಕೂಗಿಸಿದ್ದು ನಾನು.

ಫಕೀರಪ್ಪ ಸ್ಕೂಟರ್ ತೆಗೆದು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಒಂದೇ ನೋಟಕ್ಕೆ, "ಇದು ಕಣ್ಣಿಂದಲ್ಲ, ಹಲ್ಲಿಂದು. ಈಗಿಂದೀಗ ಹಲ್ಲಿನ ಡಾಕ್ಟರ ಕಡೆ ಹೋಗ್ರಿ, ಇನ್ನ ತಡಾ ಮಾಡಿದ್ರ ಕಣ್ಣಿಗಷ್ಟs ಅಲ್ಲ, ಜೀವಕ್ಕs ಅಪಾಯ" ಎಂದು ತಿರುಗಿಸಿ ಕಳಿಸಿದರು. ಯಾವ ಹಲಗೆಯನ್ನು ನೋಡಬಾರದೆಂದು ಸುತ್ತುಹಾಕಿ ಹೋಗುತ್ತಿದ್ದಳೋ ಆ ಹಲಗೆಯ ಕೆಳಗೇ ನೀಲವ್ವ ಇಳಿದಳು. ಒಂದೇ ಕಣ್ಣಿನಲ್ಲಿ ಇಳಿದಳು.

ಹಲ್ಲಿನ ಡಾಕ್ಟರ ಹೆಸರು ಶಬನಮ್ ನದಾಫ್, ಧಾರವಾಡದ ಹುಡುಗಿಯೇ. ಅವರು ಅವತ್ತು ಗುಳ್ಳೆಯನ್ನು ಕೊಯ್ದು ಕೀವು ಬಿಟ್ಟರು, ಇಂಜೆಕ್ಷನ್ ಕೊಟ್ಟರು, ದಿನಾ ಬಂದು ತೋರಿಸಬೇಕೆಂದರು. ನಾನು ಕೂಡಿಸಿಟ್ಟದ್ದೆಲ್ಲ ಒಂದು ಬಟ್ಟಲಲ್ಲಿ ಹೋಯಿತು. ಬಾವು ಇಳಿಯುತ್ತ ಬಂತು. ಕಣ್ಣು ಮೊದಲು ಗೆರೆಯಷ್ಟು ತೆರೆಯಿತು, ಆಮೇಲೆ ಅರ್ಧ. ಹಲ್ಲು ಕೀಳಬೇಕಾದ ದಿನ ನೀಲವ್ವ ಕುರ್ಚಿಯ ತುದಿಯಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಣ್ಣ ತೆರದೈತ್ರೀ ಡಾಕ್ಟರs. ಇನ್ನ ಹಲ್ಲ ತಗಿಯೂದು ಬ್ಯಾಡ. ಈಗ ಕಿತ್ರ ಬಂದ ಕಣ್ಣ ಮತ್ತ ಹೋಗತೈತಿ."

ನಾನು ಒಳಗೇ ನಕ್ಕೆ. ಅವಳ ಈ ಹೆದರಿಕೆ ಇರುವ ತನಕ ನಾನೂ ಇರುತ್ತೇನೆ. ಇಷ್ಟು ದಿನ ನಾನು ಶಪಿಸುತ್ತಿದ್ದ ಹೆದರಿಕೆಯೇ ನನ್ನ ಗೋಡೆ ಎಂದು ಅವತ್ತು ತಿಳಿಯಿತು. ಮತ್ತೆ ಕೀವು ಕೂಡಿಸುತ್ತೇನೆ, ಮತ್ತೆ ಮೇಲೆ ಹತ್ತುತ್ತೇನೆ, ಈ ಸಲ ಅರ್ಧಕ್ಕೆ ಬಿಡುವುದಿಲ್ಲ ಎಂದುಕೊಂಡೆ.

"ಯಾರು ಹೇಳಿದ್ರು ಅವ್ವಾರ, ಹಲ್ಲ ಕಿತ್ರ ಕಣ್ಣ ಹೋಗತೈತಿ ಅಂತ?"

"ಹೇಳೂದೇನ್ರಿ, ಕಂಡೇನಿ. ನಮ್ಮ ಅಜ್ಜಗ ಬಲಗಡಿ ಹಲ್ಲ ಕಿತ್ರು. ಬಲಗಣ್ಣ ಮಂಜಾತು."

"ಹೌದಾ. ಎಡಗಣ್ಣ?"

"ಅದೂ ಮುಂದ ಮಂಜಾತ್ರಿ. ಕಡೀಕ ಕೈ ಹಿಡದs ಅಡ್ಡಾಡಿಸ್ತಿದ್ವಿ."

"ಎಡಗಡಿ ಹಲ್ಲೂ ಕಿತ್ತಿದ್ರೇನು?"

ನೀಲವ್ವ ಸೆರಗನ್ನು ಬಾಯಿಂದ ತೆಗೆದಳು. ಅವಳ ನಾಲಿಗೆ ನಿಧಾನವಾಗಿ ನನ್ನ ಪಕ್ಕಕ್ಕೆ ಬಂದು ನಿಂತಿತು. ಅಜ್ಜನ ಎಡಗಡೆಯ ಹಲ್ಲುಗಳು ಒಂದೂ ಹೋಗಿರಲಿಲ್ಲ. ಅವನು ಎಡದವಡೆಯಲ್ಲೇ ಕಟಂ ಕಟಂ ಎಂದು ಪುಟಾಣಿ ಕಡಲೆ ತಿನ್ನುತ್ತಿದ್ದದ್ದನ್ನು ಅವಳೂ ಕಂಡಿದ್ದಳು, ನಾನೂ ಕಂಡಿದ್ದೆ. ನಾನು ಸಿಡಿದು ತಪ್ಪಿಸಿದ್ದು ಬಿಟ್ಟರೆ ಎಳೆ ಎಣಿಸುವುದರಲ್ಲಿ ಒಮ್ಮೆಯೂ ತಪ್ಪದವಳು ಎರಡು ಕಣ್ಣು, ಒಂದು ಹಲ್ಲು ಎಂಬ ಲೆಕ್ಕವನ್ನು ಇಷ್ಟು ಕಾಲ ಎಣಿಸಿಯೇ ಇರಲಿಲ್ಲ.

"ಅದು ಪೊರಿ ಅವ್ವಾರ. ವಯಸ್ಸಾದ್ರ ಬರತೈತಿ. ಹಲ್ಲಿಗೂ ಅದಕ್ಕೂ ಏನೂ ಸಂಬಂಧಿಲ್ಲ. ನಿಮ್ಮ ಕಣ್ಣ ಮುಚ್ಚಿದ್ದು ಈ ಹಲ್ಲ ಒಳಗಿದ್ದದ್ದಕ್ಕ, ಕಿತ್ತದ್ದಕ್ಕಲ್ಲ. ಮೊದಲs ಬಂದಿದ್ರ ಇದನ್ನ ಉಳಿಸಿ ಕೊಡ್ತಿದ್ದೆ."

ಉಳಿಸಿ ಕೊಡುತ್ತಿದ್ದರಂತೆ! ಆ ಮಾತು ಕೇಳಿ ನನ್ನ ಬಿರುಕು ಇನ್ನಷ್ಟು ಬಿಟ್ಟಂತಾಯಿತು. ಅಷ್ಟು ಹತ್ತಿರದಲ್ಲಿ, ಓಣಿಯ ತುದಿಯಲ್ಲಿ, ನನ್ನನ್ನು ಉಳಿಸುವವರು ಇದ್ದರು. ಅವಳು ಸುತ್ತುಹಾಕಿ ಬದನೆಕಾಯಿ ತರಲು ಹೋಗುತ್ತಿದ್ದಳು.

ನೀಲವ್ವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೈ ಎರಡೂ ಬಿಗಿಹಿಡಿದು, "ತಗೀರಿ" ಎಂದಳು. ಬಾಯಿ ತೆರೆದಳು.

ಆಗ ದೀಪದ ಬೆಳಕು ನನ್ನ ಮೇಲೆ ಬಿತ್ತು. ಇಕ್ಕಳ ಕಾಣಿಸಿತು. ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಯಿತು. ಜೀವಮಾನವಿಡೀ ಅವಳು ಹೆದರುತ್ತಿದ್ದಳಲ್ಲ, ಹೆದರಬೇಕಾದವನು ನಾನಾಗಿದ್ದೆ. ಅವಳು ಮನೆಗೆ ಹೋಗುತ್ತಾಳೆ, ನಾನು ಹೋಗುವುದಿಲ್ಲ. ಮರಗಟ್ಟಿಸುವ ಸೂಜಿ ಕೊಟ್ಟದ್ದರಿಂದ ಒಸಡು ಆಗಲೇ ನನ್ನ ಕೈಬಿಟ್ಟಿತ್ತು. ಆದರೂ ಉದ್ದ ಬೇರಿನವನು ನಾನು, ಸುಮ್ಮನೆ ಬರುವೆನೇ? ಹಿಡಿದೆ, ಜಗ್ಗಿದೆ, ಡಾಕ್ಟರ ಹಣೆಯಲ್ಲಿ ಬೆವರು ಬರಿಸಿದೆ. ಅವರು ಒತ್ತಿ, ತಿರುಗಿಸಿ, ಮತ್ತೆ ಒತ್ತಿದರು. ಒಳಗೆ ಕಟಕ್ ಎಂದು ಸದ್ದಾಗಿ ನಾನು ಬೆಳಕಿಗೆ ಬಂದೆ. ನೀಲವ್ವನಿಗೆ ನೋವೇ ಆಗಲಿಲ್ಲವಂತೆ. ಅದೊಂದು ನನಗೆ ಈಗಲೂ ಹೊಟ್ಟೆಯುರಿ.

ಅವಳು ಹತ್ತಿ ಕಚ್ಚಿಕೊಂಡೇ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಬಲಗಣ್ಣೊಂದರಲ್ಲೇ ಗೋಡೆ ನೋಡಿದಳು, ಡಾಕ್ಟರ ಮುಖ ನೋಡಿದಳು, ಗಂಡನ ಅಂಗಿಯ ಗುಂಡಿ ನೋಡಿದಳು. ಎಲ್ಲ ಕಂಡವು. ಆಮೇಲೆ ಕೈಚಾಚಿ ನನ್ನನ್ನು ಕೇಳಿದಳು. ಡಾಕ್ಟರು ತೊಳೆದು, ಹತ್ತಿಯಲ್ಲಿಟ್ಟು ಕೊಟ್ಟರು. ಅವಳು ನನ್ನನ್ನು ಬಲಗಣ್ಣಿನ ಹತ್ತಿರ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದಳು. ದಾರದ ಕಚ್ಚು ನೋಡಿದಳು, ಡಬ್ಬಿ ಸೀಳಿದ ಬಿರುಕು ನೋಡಿದಳು. ನಾವಿಬ್ಬರೂ ಎದುರಾಬದುರಾದದ್ದು ಅದೇ ಮೊದಲು.

"ಇಷ್ಟs ಅದಿಯಲ್ಲ ನೀ" ಎಂದಳು ತೊದಲುತ್ತ.

ಮನೆಗೆ ತಂದು ನನ್ನನ್ನು ಎಸೆಯಲಿಲ್ಲ. ಯಾವ ಡಬ್ಬಿ ನನ್ನನ್ನು ಸೀಳಿತೋ ಅದೇ ಸೂಜಿಯ ಡಬ್ಬಿಗೆ ಹಾಕಿ, "ಬಿದ್ದಿರು ಇಲ್ಲೆ, ಸೂಜಿ ಚುಚ್ಚಿಸಿಕೊಂತ. ನನಗ ಚುಚ್ಚಿದಿಲ್ಲ?" ಎಂದಳು. ನನ್ನ ಒಡತಿಗೂ ಸೇಡು ಗೊತ್ತು ಎಂದು ಅವತ್ತು ತಿಳಿದು, ಅವಳ ಮೇಲೆ ಸ್ವಲ್ಪ ಗೌರವ ಬಂತು. ತುಳಸಿಕಟ್ಟೆ ಮುಗಿಯಿತು, ಕೂಸು ಕುಂಚಗಿ ತೊಟ್ಟು ಅಪ್ಪನ ಮನೆಗೆ ಹೋಯಿತು.

ಈಗ ನಾನು ಇಲ್ಲೇ ಇದ್ದೇನೆ, ದಾರದ ಉಂಡೆಗಳ ನಡುವೆ. ಓಣಿಯಲ್ಲಿ ಯಾರಾದರೂ ಕೆನ್ನೆ ಹಿಡಿದುಕೊಂಡು, ಡಾಕ್ಟರ್ ಬೇಡ ಎಂದು ನೀಲವ್ವನ ಹತ್ತಿರ ಲವಂಗ ಕೇಳಲು ಬಂದರೆ ಅವಳು ಡಬ್ಬಿ ತೆರೆದು ನನ್ನನ್ನು ಅವರ ಅಂಗೈ ಮೇಲೆ ಇಡುತ್ತಾಳೆ. "ಇದು ನನ್ನ ಕಣ್ಣ ಮುಚ್ಚಿಸಿತ್ತು" ಎನ್ನುತ್ತಾಳೆ. ಅವರ ಕೈ ತಣ್ಣಗಾಗುವುದು ನನಗೆ ತಿಳಿಯುತ್ತದೆ. ಹಲ್ಲನ್ನು ಕೊಳೆಸಿ ಕೂರುವ ಹೇಡಿಗಳನ್ನು ಒಬ್ಬೊಬ್ಬರನ್ನಾಗಿ ಆ ಕುರ್ಚಿಗೆ ಅಟ್ಟುವ ಸುಖ ಬಾಯೊಳಗಿದ್ದಾಗ ನನಗೆ ಸಿಕ್ಕಿರಲಿಲ್ಲ. ಹುಳ ತೆಗೆಯುವ ಹೆಂಗಸು ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದ್ದಾಳೆ.

ನಿನ್ನೆ ಮಧ್ಯಾಹ್ನ ನೀಲವ್ವ ಒಂದು ಸೀರೆಯ ಸೆರಗು ಮುಗಿಸುತ್ತಿದ್ದಳು. ಕತ್ತರಿ ಪಕ್ಕದಲ್ಲೇ ಇತ್ತು. ಹಳೆಯ ಚಟ ಬಿಡಬೇಕಲ್ಲ, ದಾರವನ್ನು ಎಡಗಡೆಗೆ ಕೊಟ್ಟಳು. ಅಲ್ಲಿ ನನ್ನ ಜೋಡಿ ಇದ್ದಾನೆ, ಎಡಕೋರೆ. ಟಕ್ ಎಂದಿತು, ಜೊತೆಗೇ ಅವಳು "ಸ್ಸ್" ಎಂದಳು. ತಟ್ಟೆಯಲ್ಲಿದ್ದ ಚಹ ಗುಟುಕರಿಸಿ ಮತ್ತೆ "ಸ್ಸ್" ಎಂದಳು. ಅವಳ ಕೈ ತಾನಾಗಿಯೇ ಅಡುಗೆಮನೆಯ ಲವಂಗದ ಡಬ್ಬಿಯ ಕಡೆ ಹೋಯಿತು.

ಅರ್ಧದಲ್ಲಿ ನಿಂತಿತು. ಅವಳು ನನ್ನ ಡಬ್ಬಿಯನ್ನು ಎಳೆದುಕೊಂಡು, ಕತ್ತರಿಯ ತುದಿಯಿಂದ ಮುಚ್ಚಳ ಎಬ್ಬಿಸಿದಳು. ನನ್ನನ್ನು ನೋಡಿದಳು. ಬೆವರಿದ್ದಳು. ನಾನು ಸೂಜಿಗಳ ನಡುವೆ ಮಲಗಿ ಅವಳನ್ನೇ ನೋಡಿದೆ.

"ರೀ, ಸ್ಕೂಟರ್ ತಗೀರಿ. ಹಲ್ಲಿನ ಡಾಕ್ಟರ ಕಡೆ ಹೋಗೂಣು" ಎಂದಳು.

"ಈಗs? ಇಷ್ಟ್ ಬಿಸಲಾಗ?"

"ಈಗs."

ಅವಳು ಈಗ ಡಾಕ್ಟರಿಗೆ ಹೆದರುವುದಿಲ್ಲ, ನನಗೆ ಹೆದರುತ್ತಾಳೆ. ನನ್ನ ಜೋಡಿ ಉಳಿಯುತ್ತಾನೆ. ನನಗೆ ಸಿಗದ ಉಪಚಾರ ಅವನಿಗೆ ಸಿಗುತ್ತದೆ, ಅದಕ್ಕೂ ಸಿಟ್ಟಿದೆ. ಆದರೆ ಮುಚ್ಚಳ ಹಾಕುವ ಮುಂಚೆ ಅವಳು ಇನ್ನೊಮ್ಮೆ ಬಗ್ಗಿ ನನ್ನನ್ನು ನೋಡಿದಳು. ಕಣ್ಣಿಗೆ ಕಾಡಿಗೆ ಹಾಕಿಕೊಳ್ಳುವುದನ್ನೂ ಮರೆತಿದ್ದಳು. ಎರಡೂ ಕಣ್ಣು ನನ್ನ ಮೇಲೇ ಇದ್ದವು.